ನಮ್ಮ ಕಾಂಪೌಂಡಿನ ಮರ ಕಡಿಯಲು ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮ ಸೈಟಿನ ಒಳಗೇ ಅತ್ತಿಮರ ಇದೆ. ಬೇರು ಕಾಂಪೌಂಡ್ ಗೋಡೆ ಸೀಳಿದೆ. ಹಣ್ಣು ಬಿದ್ದು ಕಾರೆಲ್ಲ ಗಲೀಜು. ಕಡಿಸಲು ಅನುಮತಿ ಬೇಕಾ?

ಬೇಕು. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಈ ಕಾಯ್ದೆಯಡಿ ನೇಮಕವಾದ ಅರಣ್ಯಾಧಿಕಾರಿಗೆ, ಅಂದರೆ ಮರ ಅಧಿಕಾರಿಗೆ, ಅರ್ಜಿ ಕೊಡಬೇಕು. ಅವರು ಮರ ನೋಡಿ ಲಿಖಿತ ಅನುಮತಿ ಕೊಟ್ಟ ಮೇಲಷ್ಟೇ ಗರಗಸ.

ಉತ್ತರ ಇಷ್ಟೇ. ಆದರೆ ಇದನ್ನು ಹೇಳಿದ ಕೂಡಲೇ ಬರುವ ಮಾತು ನನಗೆ ಬಾಯಿಪಾಠವಾಗಿದೆ. "ನಮ್ಮ ಜಾಗ, ನಮ್ಮ ತಾತ ನೆಟ್ಟ ಮರ, ಕೇಳೋಕೆ ಇವರ್ಯಾರು?"

ಸ್ವಾಮಿ, ಜಾಗ ನಿಮ್ಮದೇ. ಮರವೂ ನಿಮ್ಮದೇ. ಅದನ್ನು ಯಾರೂ ಕಿತ್ತುಕೊಂಡಿಲ್ಲ. ಮನೆ ನಿಮ್ಮದಾದರೂ ಇನ್ನೊಂದು ಮಹಡಿ ಎಬ್ಬಿಸಲು ಪ್ಲಾನ್ ಮಂಜೂರಾಗಬೇಕು ಅಲ್ವಾ? ಇದೂ ಹಾಗೆಯೇ. ಯಾರು ನೆಟ್ಟರು, ಯಾರು ನೀರು ಹಾಕಿದರು ಎಂದು ಕಾಯ್ದೆ ಕೇಳುವುದೇ ಇಲ್ಲ. ತಾತ ನೆಟ್ಟಿದ್ದು ಮೊಮ್ಮಗ ಕಡಿಯಲಿ ಎಂದಂತೂ ಅಲ್ಲ, ಆ ಮಾತು ಬಿಡಿ.

ಇಷ್ಟು ಒಪ್ಪಿದವರೂ ಆಮೇಲೆ ಜಾಣತನ ತೋರಿಸುತ್ತಾರೆ. "ಕಡಿಯಲ್ಲ ಸಾರ್, ಸುಮ್ನೆ ಬುಡದ ಸುತ್ತ ತೊಗಟೆ ಸುಲಿದು ಬಿಡ್ತೀವಿ, ತಾನಾಗೇ ಒಣಗುತ್ತೆ." ಇನ್ನು ಕೆಲವರದು ಆಸಿಡ್ ಪ್ರಯೋಗ. ಈ ಉಪಾಯ ತಮಗೇ ಮೊದಲು ಹೊಳೆದದ್ದು ಎಂದುಕೊಂಡಿರುತ್ತಾರೆ! ಕಾಯ್ದೆ ಬರೆದವರು ಇದನ್ನೆಲ್ಲ ಕಂಡವರೇ. ಬುಡ ಕಡಿಯುವುದು ಮಾತ್ರ ಕಡಿತವಲ್ಲ. ಬೇರುಸಮೇತ ಕೀಳುವುದು, ತೊಗಟೆ ಸುತ್ತ ಕೊರೆಯುವುದು, ಸುಡುವುದು, ವಿಷ ಹಾಕುವುದು, ಕೊಂಬೆ ಸವರುವುದು ಎಲ್ಲವೂ ಅದರಲ್ಲೇ ಬರುತ್ತವೆ. ಒಣಗಿಸಿ ಆಮೇಲೆ ಕಡಿದರೂ ತಪ್ಪಿಸಿಕೊಂಡಂತಲ್ಲ, ಒಣ ಮರಕ್ಕೂ ಅರ್ಜಿ ಬೇಕು.

ತಮಾಷೆ ಎಂದರೆ, ಈ ಕಳ್ಳದಾರಿಯ ಅಗತ್ಯವೇ ಇಲ್ಲ. ಒಣಗಿದ, ರೋಗ ಬಂದ, ಗಾಳಿಗೆ ಬಿದ್ದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಗೋಡೆ ನಿಜಕ್ಕೂ ಬೀಳುವ ಹಾಗಿದ್ದರೆ ಫೋಟೋ ತೆಗೆದು ಅರ್ಜಿ ಜೊತೆ ಇಡಿ. ಹಣ್ಣಿನ ಗಲೀಜು ಮಾತ್ರ ಕಾರಣ ಎನ್ನಿಸುವುದಿಲ್ಲ. ಕಾರನ್ನು ಸ್ವಲ್ಪ ಆಚೆ ನಿಲ್ಲಿಸಿ.

ಪಕ್ಕದವರು ತೆಂಗಿನಮರ ಕೇಳದೆಯೇ ಉರುಳಿಸಿದರಲ್ಲ ಎನ್ನುತ್ತೀರಿ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ತರಹದ ಕೆಲವಕ್ಕೆ ವಿನಾಯಿತಿ ಇದೆ. ಅತ್ತಿಗೆ ಇಲ್ಲ. ಅನುಮತಿ ಸಿಕ್ಕಿ ಕಡಿದರೆ ಬದಲಿಗೆ ಸಸಿ ನೆಡಬೇಕು, ಅದನ್ನೂ ಮರೆಯಬೇಡಿ.

ಯಾರೂ ಕೇಳಿಲ್ಲ, ಆದರೂ ಶ್ರೀಗಂಧದ ವಿಷಯ ಹೇಳಿಬಿಡುತ್ತೇನೆ. ಹಕ್ಕಿ ತಂದು ಹಾಕಿದ ಬೀಜದಿಂದ ಎಷ್ಟೋ ಕಾಂಪೌಂಡಿನಲ್ಲಿ ಗಂಧದ ಗಿಡ ತಾನಾಗೇ ಎದ್ದಿರುತ್ತದೆ. ಪೊಲೀಸ್ ಕೇಸು ಆದೀತು ಎಂಬ ಭಯಕ್ಕೆ ಜನ ಅದನ್ನು ಎಳೆಯದರಲ್ಲೇ ಕಿತ್ತೆಸೆಯುತ್ತಾರೆ. ಆ ಭಯ ಹಳೇ ಕಾಲದ್ದು. ಟಿಪ್ಪುವಿನ ಕಾಲದಿಂದ ಗಂಧ ಅರಸರ ಮರ, ಆಮೇಲೆ ಸರ್ಕಾರದ್ದು. ಯಾರ ಹಿತ್ತಲಲ್ಲಿ ಬೆಳೆದರೂ ಅಷ್ಟೇ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರ ತಿದ್ದುಪಡಿ ಬಂದ ಮೇಲೆ ಜಾಗದವರೇ ಅದರ ಒಡೆಯರು. ಬೆಳೆಸಲು ಅಡ್ಡಿಯಿಲ್ಲ. ಕಡಿಯಲು, ಸಾಗಿಸಲು ಮಾತ್ರ ಅರಣ್ಯ ಇಲಾಖೆಯನ್ನು ಕೇಳಲೇಬೇಕು.

ಇನ್ನೊಂದು ಮಾತು. ಗಂಧ ಅರೆ ಪರಾವಲಂಬಿ ಮರ. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಅಂಟಿಸಿ ಸಾರ ಹೀರುತ್ತದೆ. ನಿಮ್ಮ ಅತ್ತಿಮರದ ಬುಡದ ಹತ್ತಿರ ಅಂಥದ್ದೊಂದು ಚಿಗುರಿದೆಯಾ, ಅರ್ಜಿ ಬರೆಯುವ ಮುಂಚೆ ನೋಡಿಕೊಳ್ಳಿ.