ಎಲ್ಕ್ ಮೂಗು, ಬೆಟ್ಟದ ಗಾಳಿ: ಅಧ್ಯಯನ ಟಿಪ್ಪಣಿ

ರಾಕಿ ಪರ್ವತಗಳ ಎಲ್ಕ್ (ಸರ್ವಸ್ ಕೆನಡೆನ್ಸಿಸ್) ನಮ್ಮ ಕಾಶ್ಮೀರದ ಹಂಗುಲ್‌ನ ಕುಲಕ್ಕೇ ಸೇರಿದ ಜಿಂಕೆ. ಬಲಿತ ಗಂಡು ಸುಮಾರು 300 ಕಿಲೋ ತೂಗುತ್ತದೆ. ಬೇಟೆಗಾರನ ಸುಳಿವು ಅದಕ್ಕೆ ಕಣ್ಣು, ಕಿವಿ, ಮೂಗು ಮೂರರಿಂದಲೂ ಸಿಗುತ್ತದೆ, ಆದರೆ ಮೂರನ್ನೂ ಒಂದೇ ಸಮ ನಂಬುವುದಿಲ್ಲ. ಕಡ್ಡಿ ಮುರಿದ ಸದ್ದಾದರೆ ತಲೆಯೆತ್ತಿ ಕಿವಿ ನಿಮಿರಿಸುತ್ತದೆ. ಹಿಂಡಿನ ಓಡಾಟದಲ್ಲೂ ಕಡ್ಡಿ ಮುರಿಯುತ್ತಲೇ ಇರುವುದರಿಂದ ಮತ್ತೆ ಮೇಯಲೂಬಹುದು. ಏನೋ ಅಲುಗಾಡಿದ್ದು ಕಂಡರೆ ದಿಟ್ಟಿಸಿ ನಿಲ್ಲುತ್ತದೆ. ಮನುಷ್ಯನ ವಾಸನೆ ಬಡಿದರೆ ಮಾತ್ರ ಖಾತ್ರಿ ಮಾಡಿಕೊಳ್ಳುವ ಗೋಜಿಗೆ ಹೋಗುವುದು ಕಡಿಮೆ. ಹಿರಿಯ ಹೆಣ್ಣೊಂದು ಬೊಗಳಿದಂತೆ ಕೂಗಿ ಹೊರಟರೆ ಉಳಿದವು ಹಿಂದೆಯೇ ಓಡುತ್ತವೆ. ಕೆಲವೊಮ್ಮೆ ಆ ಕಣಿವೆಯನ್ನೇ ಬಿಟ್ಟುಹೋಗುತ್ತವೆ.

ಮೂಗಿನ ರಚನೆ ಚುಟುಕಾಗಿ: ಉದ್ದ ಮುಸುಡಿಯೊಳಗೆ ಸುರುಳಿಯಾದ ತೆಳು ಮೂಳೆಗಳು, ಹಿಂಭಾಗದಲ್ಲಿ ವಾಸನೆ ಗ್ರಹಿಸುವ ತೇವದ ಪೊರೆ. ಮನುಷ್ಯನಲ್ಲಿ ಕೆಲಸ ಮಾಡುವ ವಾಸನಾಗ್ರಾಹಕ ಜೀನ್‌ಗಳು ಸುಮಾರು 400. ಎಲ್ಕ್‌ನಂತೆಯೇ ಮೆಲುಕು ಹಾಕುವ ಹಸುವಿನಲ್ಲಿ ಸಾವಿರಕ್ಕೂ ಹೆಚ್ಚು. ಜೇಕಬ್ಸನ್ ಅಂಗವನ್ನು (ಬಾಯಿಯ ಅಂಗುಳಿನ ಮೇಲಿರುವ ಇನ್ನೊಂದು ಗ್ರಹಣಾಂಗ) ಇದಕ್ಕೆ ತಳುಕು ಹಾಕಬೇಡಿ. ಅದರ ಮುಖ್ಯ ಕೆಲಸ ಹೆಣ್ಣು ಬೆದೆಗೆ ಬಂದಿದೆಯೇ ಎಂದು ತಿಳಿಯುವುದು.

ಮೂಗನ್ನು ಓದಿದಷ್ಟಕ್ಕೇ ವಿಷಯ ಮುಗಿಯುವುದಿಲ್ಲ. ವಾಸನೆಯನ್ನು ಹೊತ್ತು ತರುವುದು ಗಾಳಿ, ಬೆಟ್ಟದಲ್ಲಿ ಗಾಳಿಗೆ ದಿನಚರಿಯುಂಟು. ರಾತ್ರಿ ತಂಪಾದ ಗಾಳಿ ಭಾರವಾಗಿ ಇಳಿಜಾರಿನಗುಂಟ ಕೆಳಕ್ಕೆ ಹರಿಯುತ್ತದೆ. ಬಿಸಿಲು ತಾಗಿ ನೆಲ ಕಾದಮೇಲೆ ಅದೇ ಗಾಳಿ ಹಗುರಾಗಿ ಮೇಲೇರುತ್ತದೆ. ಸಂಜೆ ನೆರಳು ಬಿದ್ದಲ್ಲಿ ಸೂರ್ಯ ಮುಳುಗುವ ಮೊದಲೇ ಮತ್ತೆ ಕೆಳಮುಖ. ಬೇಟೆ ಕಲಿಯುವವರು ಎಡವುವುದು ಈ ಬದಲಾವಣೆಯ ಹೊತ್ತಿನಲ್ಲಿ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಗಾಳಿ ಏರತೊಡಗಿದಾಗ, ನೆರಳಲ್ಲಿರುವ ಪಕ್ಕದ ಮಗ್ಗುಲಿನಲ್ಲಿ ಇನ್ನೂ ಇಳಿಯುತ್ತಿರಬಹುದು. ಆ ಮಧ್ಯಂತರದಲ್ಲಿ ಗಾಳಿ ನಿಲ್ಲುತ್ತದೆ, ಸುಳಿಯುತ್ತದೆ, ಒಮ್ಮೆ ಮುಖಕ್ಕೆ, ಒಮ್ಮೆ ಕತ್ತಿನ ಹಿಂದೆ ಸವರುತ್ತದೆ. ಆಗ ಹಿಂಡಿನ ಹತ್ತಿರ ಹೋಗದೆ, ಗಾಳಿ ಒಂದು ದಿಕ್ಕು ಹಿಡಿಯುವವರೆಗೆ ಕೂತಿರುವುದೇ ಸರಿ. ಎರಡು ಮೂರು ಹಳ್ಳಗಳು ಕೂಡುವ ತಾಣದಲ್ಲಂತೂ ಗಾಳಿ ದಿನವಿಡೀ ಸುಳಿಯುತ್ತಿರಬಹುದು.

ಎಲ್ಕ್ ಮಲಗುವ ಜಾಗ ನೋಡಿದರೆ ಈ ಲೆಕ್ಕವೆಲ್ಲ ಅದಕ್ಕೆ ಗೊತ್ತೇನೋ ಅನಿಸುತ್ತದೆ. ಸೆಪ್ಟೆಂಬರ್‌ ಹಗಲಿನಲ್ಲಿ ಅದು ಉತ್ತರಕ್ಕೆ ಮುಖ ಮಾಡಿದ ತಂಪು ಇಳಿಜಾರಿನ ಮೇಲ್ಭಾಗದಲ್ಲಿ, ದಟ್ಟ ಮರಗಳ ನಡುವಿನ ಪುಟ್ಟ ಸಮತಟ್ಟಿನಲ್ಲಿ ಮಲಗುವುದು ಹೆಚ್ಚು. ಕೆಳಗಿನ ವಾಸನೆ ಏರುಗಾಳಿಯಲ್ಲಿ ಬರುತ್ತದೆ. ಬೆಟ್ಟದ ನೆತ್ತಿ ದಾಟಿ ಬೀಸುವ ಗಾಳಿ ಬೆನ್ನ ಹಿಂದಿನದನ್ನು ತರುತ್ತದೆ. ಹಾಗಾಗಿ ನಸುಕಿನಲ್ಲಿ ಕೆಳಗಿನಿಂದ ಹತ್ತಬಹುದು. ಬಿಸಿಲೇರಿದ ಮೇಲೆ ಅದೇ ಎತ್ತರದಲ್ಲಿ ಅಡ್ಡಲಾಗಿ ಸಾಗಬೇಕು.

ಗಾಳಿ ನೋಡಲು ಸುವಾಸನೆಯಿಲ್ಲದ ಪೌಡರ್ ತುಂಬಿದ ಸಣ್ಣ ಬಾಟಲಿ ಸಾಕೆಂದು ಬಹುಮಂದಿ ನಂಬುತ್ತಾರೆ. ಹಿಚುಕಿದರೆ ಬಿಳಿ ಹೊಗೆ ಕಾಣುತ್ತದೆ, ನಾಲ್ಕು ಹೆಜ್ಜೆಯಾಚೆ ಕರಗಿಹೋಗುತ್ತದೆ. ಅದಕ್ಕಿಂತ ಮಿಲ್ಕ್‌ವೀಡ್‌ ಬೀಜದ ನಯ ಹತ್ತಿ ಮೇಲು (ನಮ್ಮ ಎಕ್ಕದ ಬಳಗದ ಗಿಡ, ಹತ್ತಿಯೂ ಹಾಗೆಯೇ ಇರುತ್ತದೆ). ಒಂದೊಂದೇ ಎಳೆ ಬಿಟ್ಟು ಕಣ್ಣು ಕೀಲಿಸಿ ನೋಡಿ: ಹತ್ತು ಮೀಟರ್ ನೇರ ಹೋಗಿ, ತಗ್ಗು ಬಂದಲ್ಲಿ ಕುಸಿದು, ಮರದ ಬುಡ ಬಳಸಿ ವಾಪಸು ನಿಮ್ಮ ಕಡೆಗೇ ತೇಲಿ ಬರಬಹುದು. ನಿಮ್ಮ ವಾಸನೆಯೂ ಬಹುಮಟ್ಟಿಗೆ ಅದೇ ದಾರಿ ಹಿಡಿಯುತ್ತದೆ. ಪ್ರತಿ ತಿರುವಿನಲ್ಲೂ, ಪ್ರತಿ ಸಲ ನೆರಳಿನಿಂದ ಬಿಸಿಲಿಗೆ ಬಂದಾಗಲೂ ಒಂದೆಳೆ ಬಿಡಿ.

ಬೆದೆಗಾಲದಲ್ಲಿ ಕೂಗು ಅನುಕರಿಸಿ ಗಂಡನ್ನು ಕರೆಯುವಾಗ ಇದು ಇನ್ನೂ ಮುಖ್ಯ. ಗಂಡು ಸದ್ದಿನತ್ತ ನೇರ ಬರುವುದು ಅಪರೂಪ. ಬಳಸಿಕೊಂಡು, ಕೂಗುವವನ ವಾಸನೆ ಎತ್ತ ಹೋಗುತ್ತಿದೆಯೋ ಅತ್ತ ಬಂದು ಮೂಸಿ ನೋಡಲು ಯತ್ನಿಸುತ್ತದೆ. ಆದ್ದರಿಂದ ಇಬ್ಬರಿದ್ದರೆ, ಕೂಗುವವನಿಗಿಂತ 40ರಿಂದ 60 ಮೀಟರ್ ಮುಂದೆ, ಗಾಳಿ ಹೋಗುವ ಮಗ್ಗುಲಿಗೆ ಸರಿದು ಬಿಲ್ಲುಗಾರ ಕೂರುತ್ತಾನೆ. ಬಳಸಿ ಬರುವ ಗಂಡು ವಾಸನೆಯ ಗೆರೆ ಮುಟ್ಟುವ ಮೊದಲೇ ಅವನೆದುರು ಹಾಯಬೇಕು. ಇಬ್ಬರೂ ಒಂದೇ ಪೊದೆಯಲ್ಲಿ ಕೂತರೆ ಪ್ರಾಣಿ ಬರುತ್ತದೆ, ಮೂಸುತ್ತದೆ, ಕಾಣದೆಯೇ ಹೋಗುತ್ತದೆ.

ವಾಸನೆ ಅಡಗಿಸುವ ಸಾಮಗ್ರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚರ್ಮದ ಬ್ಯಾಕ್ಟೀರಿಯಾ, ಬೆವರು, ಉದುರುವ ಚರ್ಮದ ಸಿಪ್ಪೆ, ಉಸಿರು ಎಲ್ಲವೂ ವಾಸನೆಯ ಮೂಲ. ಬೆಟ್ಟ ಹತ್ತುವಾಗ ಎಲ್ಲವೂ ಹೆಚ್ಚುತ್ತವೆ. ಸುವಾಸನೆಯಿಲ್ಲದ ಸಾಬೂನು ಕೊಂಚ ತಗ್ಗಿಸೀತು. ವಾಸನೆ ಹೀರುವ ಕ್ರಿಯಾಶೀಲ ಇದ್ದಿಲಿನ ಬಟ್ಟೆ ತುಂಬಿಕೊಂಡ ಮೇಲೆ ಅದನ್ನು ಪೂರ್ತಿ ಹೊಸದಾಗಿಸಲು ನೂರಾರು ಡಿಗ್ರಿ ಶಾಖ ಬೇಕು, ಮನೆಯ ಡ್ರೈಯರ್ ಅಷ್ಟು ಕಾಯುವುದಿಲ್ಲ. ಎಲ್ಕ್ ಮೂತ್ರ ಬಳಿದುಕೊಂಡರೆ ಮನುಷ್ಯನ ವಾಸನೆಯ ಜತೆಗೆ ಮೂತ್ರದ್ದೂ ಸೇರುತ್ತದೆ, ಅಷ್ಟೇ. ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಜಿಂಕೆಗಳಿಗೆ ಬರುವ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ ಹರಡೀತೆಂದು ಅಮೆರಿಕದ ಹಲವು ರಾಜ್ಯಗಳು ಅಸಲಿ ಮೂತ್ರದ ಬಳಕೆಯನ್ನು ನಿರ್ಬಂಧಿಸಿವೆ. ಕೊಳ್ಳುವ ಮುನ್ನ ಆಯಾ ರಾಜ್ಯದ ಆ ವರ್ಷದ ನಿಯಮಪುಸ್ತಿಕೆ ನೋಡಿ.