ಎದೆ ಒಣಗುವವರೆಗೆ ಅಟ್ರೋಪಿನ್

ಏಪ್ರಿಲ್-ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಬಿಳಿ ಕಾಂಡಕೊರಕದ ದುಂಬಿ ಹೊರಬೀಳುತ್ತದೆ. ಕೊಡಗಿನ ಅರೇಬಿಕಾ ಕಾಫಿ ತೋಟಗಳಲ್ಲಿ ಆಗ ಕಾಂಡಕ್ಕೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಹೊಡೆಯುವ ಕೆಲಸ. ಔಷಧಿ ಬೆರೆಸುವಾಗ ಮುಂಗೈಗೆ ಸಿಡಿದದ್ದು, ಪಂಪು ಸೋರಿ ಅಂಗಿಯ ಬೆನ್ನು ನೆನೆದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕುಡಿದರೆ ತಾನೆ ವಿಷ ಎಂಬ ಧೈರ್ಯ. ಆದರೆ ಕ್ಲೋರ್‌ಪೈರಿಫಾಸ್ ಸೇರಿದ ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕಗಳು ಚರ್ಮದ ಮೂಲಕವೂ ರಕ್ತ ಸೇರುತ್ತವೆ.

ನರದ ಆಜ್ಞೆಯನ್ನು ಸ್ನಾಯುವಿಗೂ ಗ್ರಂಥಿಗೂ ಮುಟ್ಟಿಸುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಮುಖ್ಯವಾದದ್ದು. ಕೆಲಸ ಮುಗಿದ ಕ್ಷಣವೇ ಅದನ್ನು ಒಡೆದುಹಾಕಲು ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಇದೆ. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯಬಲ್ಲದು. ಕೀಟನಾಶಕ ಈ ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ಆಜ್ಞೆ ನಿಲ್ಲುವುದೇ ಇಲ್ಲ. (ಇದೇ ಕಿಣ್ವವನ್ನು ಕೆಲ ಗಂಟೆ ಮಾತ್ರ ತಡೆಯುವ ನಿಯೋಸ್ಟಿಗ್ಮೀನ್ ಎಂಬ ಔಷಧ, ನಾಗರಹಾವು ಕಚ್ಚಿದವರ ಜೋತುಬಿದ್ದ ರೆಪ್ಪೆಯನ್ನು ಮೇಲೆತ್ತಲು ನೆರವಾಗುತ್ತದೆ. ಪ್ರಮಾಣ ಮತ್ತು ಅವಧಿಯ ಮಹಿಮೆ.)

ಪರಿಣಾಮ ಹೆಚ್ಚಾಗಿ ದ್ರವರೂಪದ್ದೇ: ಬೆವರು, ಜೊಲ್ಲು, ಕಣ್ಣೀರು, ಭೇದಿ. ಪಾಪೆ ಕಿರಿದಾಗುತ್ತದೆ, ನಾಡಿ ನಿಧಾನವಾಗುತ್ತದೆ, ತೊಡೆ-ತೋಳಿನ ಸ್ನಾಯುಗಳು ಚರ್ಮದಡಿ ಮಿಡುಕುತ್ತವೆ. ಕೊಲ್ಲುವುದು ಮಾತ್ರ ಶ್ವಾಸಕೋಶ. ಮನುಷ್ಯ ತನ್ನದೇ ಕಫದಲ್ಲಿ ಮುಳುಗುತ್ತಾನೆ.

ಇದಕ್ಕೆ ಕೊಡುವ ಚುಚ್ಚುಮದ್ದಾದ ಅಟ್ರೋಪಿನ್ ವಿಷವನ್ನು ತೆಗೆಯುವುದಿಲ್ಲ. ಗ್ರಂಥಿ, ಶ್ವಾಸನಾಳ ಮತ್ತು ಹೃದಯದಲ್ಲಿ ಅಸಿಟೈಲ್‌ಕೋಲಿನ್ ಕೂರುವ ಜಾಗವನ್ನು ತಾನು ಹಿಡಿಯುತ್ತದೆ, ಅಷ್ಟೆ. ವಯಸ್ಕರಿಗೆ 1ರಿಂದ 3 ಮಿಲಿಗ್ರಾಂನಿಂದ ಆರಂಭಿಸಿ, ಫಲ ಕಾಣದಿದ್ದರೆ 5 ನಿಮಿಷಕ್ಕೊಮ್ಮೆ ಇಮ್ಮಡಿ ಮಾಡುತ್ತಾರೆ. 2, ಆಮೇಲೆ 4, ಆಮೇಲೆ 8: ಹತ್ತೇ ನಿಮಿಷದಲ್ಲಿ 14 ಮಿಲಿಗ್ರಾಂ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪೂಲ್‌ನಲ್ಲಿರುವುದು 0.6 ಮಿಲಿಗ್ರಾಂ, ಅಂದರೆ 23ಕ್ಕೂ ಹೆಚ್ಚು ಆಂಪೂಲ್ ಒಡೆಯಬೇಕು. ಸಣ್ಣ ಆಸ್ಪತ್ರೆಯ ದಾಸ್ತಾನು ಒಬ್ಬ ರೋಗಿಗೇ ಬರಿದಾದೀತು. ಎಲ್ಲಿ ನಿಲ್ಲಿಸಬೇಕು? ಪಾಪೆ ಅರಳಿತೆಂದಲ್ಲ; ಸ್ಟೆತಸ್ಕೋಪಿನಲ್ಲಿ ಎದೆಯ ಗೊರಗೊರ ಸದ್ದು ಅಡಗಿ, ನಾಡಿ 80 ದಾಟಿ, ರಕ್ತದೊತ್ತಡ ಚೇತರಿಸಿಕೊಂಡಾಗ. ಜ್ವರ, ಕನವರಿಕೆ ಕಾಣಿಸಿಕೊಂಡರೆ ಅಟ್ರೋಪಿನ್ ಮಿತಿಮೀರಿದೆ ಎಂದರ್ಥ.

ಕಿಣ್ವವನ್ನು ವಿಷದ ಹಿಡಿತದಿಂದ ಬಿಡಿಸುವ ಔಷಧ ಪ್ರಾಲಿಡಾಕ್ಸಿಮ್. ತುಕ್ಕು ಹಿಡಿದ ನಟ್ಟಿನ ಹಾಗೆ, ತಡವಾದಷ್ಟೂ ಆ ಹಿಡಿತ ಬಿಡಿಸಲಾಗದಂತಾಗುತ್ತದೆ. ಡೈಮೀಥೊಯೇಟ್‌ನಂಥ ಕೀಟನಾಶಕಗಳಲ್ಲಿ ಅರ್ಧದಷ್ಟು ಕಿಣ್ವ ಸುಮಾರು 4 ಗಂಟೆಯೊಳಗೇ ಕೈತಪ್ಪಿದರೆ, ಕ್ಲೋರ್‌ಪೈರಿಫಾಸ್‌ನಲ್ಲಿ ಸುಮಾರು 33 ಗಂಟೆ ಸಿಗುತ್ತದೆ. ಒಳತೋಟದಿಂದ ಜೀಪಿನಲ್ಲಿ ತಿರುವುಗಳನ್ನು ದಾಟಿ ಮಡಿಕೇರಿಗೋ ಮೈಸೂರಿಗೋ ಹೊರಟವರು ಕೀಟನಾಶಕದ ಬಾಟಲಿಯನ್ನೂ ಒಯ್ಯಬೇಕೆನ್ನುವುದು ಇದಕ್ಕೇ. ಪ್ರಾಲಿಡಾಕ್ಸಿಮ್ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ: 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯ ಪ್ರಯೋಗ ಲಾಭ ತೋರಿಸಿತು, 2009ರ ಶ್ರೀಲಂಕಾದ ಪ್ರಯೋಗ ತೋರಿಸಲಿಲ್ಲ. ಅದನ್ನೇ ನಂಬಿ ಅಟ್ರೋಪಿನ್, ಆಮ್ಲಜನಕಗಳನ್ನು ತಡಮಾಡುವುದು ಮಾತ್ರ ಶುದ್ಧ ತಪ್ಪು.

108ಕ್ಕೆ ಕರೆ ಮಾಡಿ ಕಾಯುವ ಹೊತ್ತಿನಲ್ಲಿ ಕೈಗವಸು ಹಾಕಿಕೊಂಡು ಬಟ್ಟೆ ಕಳಚಿ, ಸೋಪು ನೀರಿನಿಂದ ಮೈ ತೊಳೆಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಅಭ್ಯಾಸ ಅಪಾಯಕಾರಿ. ಕೀಟನಾಶಕದಲ್ಲಿರುವ ದ್ರಾವಕ ಶ್ವಾಸಕೋಶಕ್ಕೆ ಇಳಿಯುತ್ತದೆ.

ಮರುದಿನ ಬೆವರು ನಿಂತು ರೋಗಿ ಮಾತನಾಡಿದರೆ ಮನೆಯವರಿಗೆ ಡಿಸ್ಚಾರ್ಜ್ ಅವಸರ. ಒಂದರಿಂದ ನಾಲ್ಕು ದಿನಗಳ ನಡುವೆ ಇನ್ನೊಂದು ಕಂಟಕ, ಅಂದರೆ ಸ್ನಾಯುಗಳ ಸೋಲು, ಎದುರಾಗಬಹುದು ಎಂದು 1987ರಲ್ಲಿ ಶ್ರೀಲಂಕಾದ ವೈದ್ಯರು ವಿವರಿಸಿದರು. ಅದನ್ನು ಪತ್ತೆಹಚ್ಚುವ ಪರೀಕ್ಷೆ ತೀರಾ ಸರಳ: ದಿಂಬಿನಿಂದ ತಲೆ ಎತ್ತಲು ಹೇಳುವುದು. ಎತ್ತಲಾಗದಿದ್ದರೆ ಉಸಿರಾಟದ ಸ್ನಾಯುಗಳೂ ಸೋಲುವ ಸಾಧ್ಯತೆ ಇದೆ. ಸೋತರೆ ಅಟ್ರೋಪಿನ್‌ನಿಂದ ಪ್ರಯೋಜನವಿಲ್ಲ, ಅವು ಚೇತರಿಸಿಕೊಳ್ಳುವವರೆಗೆ ವೆಂಟಿಲೇಟರ್ ಬೇಕು.