ಕಂಪ್ಯೂಟರಿನಲ್ಲೇ ಹುಟ್ಟಿದ ಕನ್ನಡ ಪುಸ್ತಕ ಅಂಧ ಓದುಗರಿಗೆ ಏಕೆ ದಕ್ಕುತ್ತಿಲ್ಲ?

ಕಳೆದ ಎರಡೂವರೆ ದಶಕಗಳಲ್ಲಿ ಕನ್ನಡದಲ್ಲಿ ಬಂದ ಪುಸ್ತಕಗಳಲ್ಲಿ ಬಹುಪಾಲು, ಮುದ್ರಣಾಲಯಕ್ಕೆ ಹೋಗುವ ಮೊದಲು ಕಂಪ್ಯೂಟರಿನಲ್ಲಿ ಟೈಪಾಗಿ, ಪುಟವಿನ್ಯಾಸಗೊಂಡು, ಕರಡು ತಿದ್ದಿಸಿಕೊಂಡು ಸಿದ್ಧವಾದಂಥವು. ಆದರೂ ಅಂಧ ವಿದ್ಯಾರ್ಥಿಯೊಬ್ಬರಿಗೆ ಅಂಥ ಪುಸ್ತಕ ಬೇಕೆಂದರೆ ಮುದ್ರಿತ ಪ್ರತಿಯನ್ನು ಕೊಂಡು, ಒಂದೊಂದೇ ಪುಟವನ್ನು ಸ್ಕ್ಯಾನ್ ಮಾಡಿಸಿ, ತಪ್ಪುಗಳನ್ನು ಕಣ್ಣಿರುವವರಿಂದ ತಿದ್ದಿಸಿಕೊಂಡು ಓದಬೇಕಾದ ಸ್ಥಿತಿ ಇಂದಿಗೂ ಇದೆ. ಹಕ್ಕುಸ್ವಾಮ್ಯ, ಫಾಂಟು, ಆ್ಯಪು, ಕಾನೂನು ಎಲ್ಲವೂ ಒಂದರೊಳಗೊಂದು ತೊಡರಿಕೊಂಡಿರುವುದರಿಂದ ಈ ವಿಷಯವನ್ನು ಸ್ವಲ್ಪ ಹಿಂದಿನಿಂದಲೇ ನೋಡಬೇಕು.

ಮೈಸೂರಿನಲ್ಲಿ 1901ರಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಆರಂಭವಾಯಿತು, 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ರೂಪುಗೊಂಡಿತು, ಆಮೇಲೆ ಕ್ಯಾಸೆಟ್ ಪುಸ್ತಕಗಳು ಬಂದವು, 1996ರಲ್ಲಿ ಹುಟ್ಟಿದ, ಅಂಧರಿಗಾಗಿ ಧ್ವನಿ ಪುಸ್ತಕದ ಮಾದರಿ ರೂಪಿಸುವ ಅಂತರರಾಷ್ಟ್ರೀಯ ಡೇಸಿ ಒಕ್ಕೂಟವು ಧ್ವನಿ ಪುಸ್ತಕದಲ್ಲೂ ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗುವ ದಾರಿ ಮಾಡಿತು. ಈ ಕಾಲದುದ್ದಕ್ಕೂ ಅಂಧರಿಗಾಗಿ ಪುಸ್ತಕವನ್ನು ಬೇರೆಯೇ ಒಂದು ರೂಪದಲ್ಲಿ ಮತ್ತೆ ತಯಾರಿಸಬೇಕಾಗಿತ್ತು. ಇ-ಪುಸ್ತಕ ಬಂದಾಗ ಈ ಎರಡನೆಯ ತಯಾರಿಯೇ ಬೇಡವಾಗಬೇಕಿತ್ತು, ಏಕೆಂದರೆ ಪಠ್ಯವು ಪಠ್ಯವಾಗಿಯೇ ಉಳಿದಿದ್ದರೆ ಅದನ್ನು ಗಟ್ಟಿಯಾಗಿ ಓದುವ ಕೆಲಸವನ್ನು ಸ್ಕ್ರೀನ್ ರೀಡರ್ ತಂತ್ರಾಂಶವೇ ಮಾಡುತ್ತದೆ.

ಮೊದಲು ಅಡ್ಡ ಬಂದದ್ದು ಹಕ್ಕುಸ್ವಾಮ್ಯದ ಪ್ರಶ್ನೆ. 2009ರಲ್ಲಿ ಅಮೆಜಾನ್‌ನ ಎರಡನೆಯ ತಲೆಮಾರಿನ ಇ-ಪುಸ್ತಕ ಓದುವ ಸಾಧನ ಕಿಂಡಲ್, ಪುಸ್ತಕವನ್ನು ಧ್ವನಿಯಲ್ಲಿ ಓದತೊಡಗಿದಾಗ ಅಮೆರಿಕದ ಲೇಖಕರ ಸಂಘವು ಅದು ಧ್ವನಿ ಪುಸ್ತಕದ ಹಕ್ಕಿಗೆ ಸೇರಿದ್ದೆಂದು ಆಕ್ಷೇಪಿಸಿತು. ಕೊನೆಗೆ ಯಾವ ಪುಸ್ತಕಕ್ಕೆ ಧ್ವನಿ ಇರಬೇಕು, ಯಾವುದಕ್ಕೆ ಬೇಡ ಎಂಬುದು ಹಕ್ಕುದಾರರ ಇಚ್ಛೆಗೆ ಬಿಟ್ಟ ಸಂಗತಿಯಾಯಿತು. ಭಾರತ ಈ ವಿಷಯದಲ್ಲಿ ಬೇಗ ಎಚ್ಚೆತ್ತಿತು. 2012ರ ತಿದ್ದುಪಡಿಯ ನಂತರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಡಿ, ಅಂಗವಿಕಲರಿಗಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಓದಬಲ್ಲ ರೂಪಕ್ಕೆ ಮಾರ್ಪಡಿಸಲು ಯಾರ ಅನುಮತಿಯೂ ಬೇಕಿಲ್ಲ. ಅಂಧರಿಗೆ ಓದಬಲ್ಲ ಪುಸ್ತಕ ಸಿಗುವಂತೆ ಹಕ್ಕುಸ್ವಾಮ್ಯವನ್ನು ಸಡಿಲಿಸುವ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದ 2013ರಲ್ಲಿ ಸಿದ್ಧವಾದಾಗ ಅದನ್ನು ಮೊಟ್ಟಮೊದಲು ಸ್ಥಿರೀಕರಿಸಿದ ದೇಶ, 2014ರ ಜೂನ್‌ನಲ್ಲಿ, ಭಾರತವೇ. 2016ರ ಆಗಸ್ಟ್‌ನಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ತೆರೆಯಿತು.

ಕಾನೂನಿನ ಬಾಗಿಲು ಹೀಗೆ ತೆರೆದಿದ್ದರೂ ಕನ್ನಡದ ಪುಸ್ತಕ ಒಳಗೆ ಬರಲು ತಡವರಿಸಿದ್ದಕ್ಕೆ ಕಾರಣ ಡಿಟಿಪಿ ಕೋಣೆಯಲ್ಲಿದೆ. ಕನ್ನಡ ಲಿಪಿಗೆ, ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಜಾಗತಿಕ ಸಂಕೇತ ವ್ಯವಸ್ಥೆಯಾದ ಯುನಿಕೋಡ್‌ನಲ್ಲಿ 1991ರಿಂದಲೇ ಸ್ಥಾನವಿದ್ದರೂ ಪುಟವಿನ್ಯಾಸದ ತಂತ್ರಾಂಶಗಳಿಗೆ ಅದು ಬಹುಕಾಲ ಅರ್ಥವಾಗುತ್ತಿರಲಿಲ್ಲ. ಪೇಜ್‌ಮೇಕರ್‌ಗೆ ಕೊನೆಯವರೆಗೂ ಅದು ಬರಲಿಲ್ಲ. ಇನ್‌ಡಿಸೈನ್‌ಗೆ ಸರಿಯಾಗಿ ಬಂದದ್ದು 2012ರಲ್ಲಿ. ಅಲ್ಲಿಯವರೆಗೆ ಕೆಲಸ ನಡೆಸಿದ್ದು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಫಾಂಟುಗಳು. ಇವು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡ ಅಕ್ಷರದ ತುಣುಕುಗಳ ಚಿತ್ರವನ್ನು ಕೂರಿಸುತ್ತವೆ. ಆ ಕಾಲದ ಮಿತಿಯಲ್ಲಿ ಅದು ಜಾಣ ಉಪಾಯವೇ ಆಗಿತ್ತು, ಕನ್ನಡದ ಮುದ್ರಣ ನಿಲ್ಲದೆ ಸಾಗಿದ್ದು ಅದರಿಂದಲೇ ಎಂಬುದನ್ನು ಮರೆಯಬಾರದು. ಆದರೆ ಆ ಕಡತದೊಳಗೆ ನಿಜವಾಗಿ ಕನ್ನಡವಿರುವುದಿಲ್ಲ. ನುಡಿಯಲ್ಲಿ 'ಕನ್ನಡ' ಎಂದು ಟೈಪು ಮಾಡಿದರೆ ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀರಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಕಣ್ಣಿಗೆ ಕಾಣುವುದು ಅಚ್ಚುಕಟ್ಟಾದ ಕನ್ನಡ. ಸ್ಕ್ರೀನ್ ರೀಡರ್ ಹಚ್ಚಿಕೊಂಡು ಕೂತವರ ಕಿವಿಗೆ ಬೀಳುವುದು ಈ ಸಂತೆ. ಒಂದು ಪದಕ್ಕೇ ಹೀಗಾದರೆ ಮುನ್ನೂರು ಪುಟದ ಕಾದಂಬರಿಯನ್ನು ಯಾರು ಓದಿಯಾರು?

ಇದನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಬಹಳ ಹಿಂದೆಯೇ ಬಂದಿವೆ. ಮೂಲ ಪೇಜ್‌ಮೇಕರ್ ಕಡತ ಸಿಕ್ಕರೆ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಮುದ್ರಣ ಮುಗಿದ ಮೇಲೆ ಮೂಲ ಕಡತವನ್ನು ಜೋಪಾನವಾಗಿ ಇಡುವ ಪರಿಪಾಠ ನಮ್ಮ ಪ್ರಕಾಶನದಲ್ಲಿ ಗಟ್ಟಿಯಾಗಿ ಬೆಳೆದಿಲ್ಲ, ಉಳಿಯುವುದು ಹೆಚ್ಚೆಂದರೆ ಪಿಡಿಎಫ್. ಪಿಡಿಎಫ್‌ನ ಕಷ್ಟ ಬೇರೆಯದು. ಯುನಿಕೋಡ್‌ನಲ್ಲೇ ಸಿದ್ಧವಾದ ಪುಟದಿಂದ ಪಠ್ಯವನ್ನು ಎತ್ತಿಕೊಂಡರೂ ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಎಷ್ಟೋ ಸಲ ಸ್ಥಾನಪಲ್ಲಟವಾಗಿ ಬರುತ್ತವೆ. ಪಿಡಿಎಫ್ ಇಟ್ಟುಕೊಳ್ಳುವುದು ಅಕ್ಷರಗಳ ಆಕಾರವನ್ನು. ಆ ಆಕಾರದಿಂದ ಅಕ್ಷರಕ್ಕೆ ಮರಳುವ ದಾರಿ ಕನ್ನಡದಂಥ ಲಿಪಿಯಲ್ಲಿ ಸುಲಭವಲ್ಲ.

ಹಾಗಾಗಿಯೇ ಸ್ಕ್ಯಾನ್ ಮಾಡಿದ ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಕನ್ನಡದಲ್ಲಿ ಇಷ್ಟು ಮುಖ್ಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯವು ಲಿಪಿ ಜ್ಞಾನಿ ಎಂಬ ಓಸಿಆರ್ ಅನ್ನೂ, ಮಧುರ ವಚನ ಎಂಬ ಕನ್ನಡ ಧ್ವನಿ ತಂತ್ರಾಂಶವನ್ನೂ ರೂಪಿಸಿತು. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ವರ್ಷಗಳಿಂದ ಕನ್ನಡ ಪುಸ್ತಕಗಳನ್ನು ಬ್ರೈಲ್‌ಗೂ ಧ್ವನಿಗೂ ತರುತ್ತಿವೆ. ಈ ಶ್ರಮ ದೊಡ್ಡದು. ಆದರೆ ಕಂಪ್ಯೂಟರಿನಲ್ಲೇ ಹುಟ್ಟಿದ ಪುಸ್ತಕವನ್ನು ಕಾಗದಕ್ಕೆ ಇಳಿಸಿ, ಆ ಕಾಗದದಿಂದ ಮತ್ತೆ ಕಂಪ್ಯೂಟರಿಗೆ ಏರಿಸಲು ಇಷ್ಟು ಪ್ರತಿಭೆ ಮತ್ತು ಕಾಲ ಸವೆಯುತ್ತಿದೆ ಎಂಬುದೇ ಸಂಕಟದ ಸಂಗತಿ.

ಇ-ಪುಸ್ತಕ ಮಾರುಕಟ್ಟೆಯ ಕಥೆ ಇದಕ್ಕಿಂತ ಚಿಕ್ಕದು. 2016ರ ಕೊನೆಗೆ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕನ್ನಡಿಗರೇ ಕಟ್ಟಿದ ಆ್ಯಪುಗಳು ಆ ಕೊರತೆಯನ್ನು ಒಂದು ಮಟ್ಟಿಗೆ ತುಂಬಿವೆ, ಯುನಿಕೋಡ್ ಪಠ್ಯವೂ ಇಪಬ್ ಎಂಬ ಇ-ಪುಸ್ತಕ ಕಡತದ ಮಾದರಿಯೂ ಈಗ ಬಳಕೆಗೆ ಬಂದಿವೆ. ಮೊಬೈಲಿನಲ್ಲಿ ಕನ್ನಡ ಓದುವ ಧ್ವನಿಯೂ ಇದೆ. ಆದರೂ ನಕಲು ತಡೆಯಲೆಂದು ಪುಟವನ್ನು ಚಿತ್ರವಾಗಿ ತೋರಿಸಿದರೆ ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಏನೂ ಸಿಗುವುದಿಲ್ಲ. ಮುಂದಿನ ಪುಟಕ್ಕೆ ಹೋಗುವ ಗುಂಡಿಗೆ ಹೆಸರು ಕೊಡದಿದ್ದರೆ ಬೆರಳಿಟ್ಟಾಗ ಕೇಳಿಸುವುದು 'ಅನ್‌ಲೇಬಲ್ಡ್ ಬಟನ್' ಎಂಬುದಷ್ಟೇ. ಹೆಸರು ಸೇರಿಸುವುದು ತಂತ್ರಾಂಶ ಬರೆಯುವವರಿಗೆ ಬಹಳ ಸಣ್ಣ ಕೆಲಸ, ಹಣ ಕೊಟ್ಟು ಪುಸ್ತಕ ಕೊಂಡವರಿಗೆ ಅದಿಲ್ಲದೆ ಮೊದಲ ಪುಟವೇ ದಾಟುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೆಯ ಕಲಮು, ಮುದ್ರಣ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿರುವುದೆಲ್ಲ ಎಲ್ಲರಿಗೂ ಎಟಕುವ ರೂಪದಲ್ಲಿರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಗಳ ಮೇಲಿಟ್ಟಿದೆ. ಡಿಜಿಟಲ್ ಸೌಲಭ್ಯ ಎಟಕುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಯುರೋಪಿನಲ್ಲಿ ಅದೇ ವರ್ಷದ ಜೂನ್ 28ರಿಂದ ಇ-ಪುಸ್ತಕಗಳಿಗೆ ಇದು ಮಾರಾಟದ ಷರತ್ತೇ ಆಗಿದೆ. ಕರ್ನಾಟಕದಲ್ಲಿ ಅಂಥದ್ದೊಂದು ಷರತ್ತು ಹಾಕಬಲ್ಲ ಜಾಗ ಈಗಾಗಲೇ ಇದೆ: ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಆಯ್ಕೆಯಾದ ಪ್ರತಿಯೊಂದು ಶೀರ್ಷಿಕೆಯ ಮುದ್ರಿತ ಪ್ರತಿಗಳ ಜೊತೆಗೆ ಅದರ ಯುನಿಕೋಡ್ ಕಡತವನ್ನೂ ಕೇಳಿ ಪಡೆದು, ಅಂಧ ಓದುಗರಿಗಾಗಿ ದುಡಿಯುವ ಗ್ರಂಥಾಲಯಗಳಿಗೆ ಒಪ್ಪಿಸಿದರೆ, ಕನಿಷ್ಠ ಇನ್ನು ಮುಂದೆ ಬರುವ ಪುಸ್ತಕಗಳನ್ನು ಯಾರೂ ಪುಟ ಬಿಡಿಸಿ ಸ್ಕ್ಯಾನ್ ಮಾಡುತ್ತ ಕೂರಬೇಕಾಗಿಲ್ಲ.